ಬೀಡಿಯ ಮೊರ, ಫೋನಿನ ಡಬ್ಬಿ: 5.45 ಲಕ್ಷ ಕೋಟಿಯಲ್ಲಿ ನಮ್ಮಲ್ಲಿ ಉಳಿಯುವುದೆಷ್ಟು?

ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ಬಂಟ್ವಾಳದ ಕಡೆಯ ನಮ್ಮ ಊರಿನಲ್ಲಿ ಅದು ವಿಶೇಷವೇನಲ್ಲ. ಆಚೀಚೆ ಮನೆಗಳಲ್ಲೂ ಮಧ್ಯಾಹ್ನದ ಹೊತ್ತು ಹೆಂಗಸರ ಮಡಿಲಲ್ಲಿ ಮೊರ ಇರುತ್ತಿತ್ತು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತರುವುದು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಸುತ್ತಿ, ಕಟ್ಟು ಮಾಡುವುದು. ವಾಪಸ್ ಬ್ರಾಂಚಿಗೆ ಒಪ್ಪಿಸುವುದು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ.

ಎಲೆ ಮಧ್ಯಪ್ರದೇಶ, ಛತ್ತೀಸಗಢದ ಕಾಡಿನದ್ದು. ಹೊಗೆಸೊಪ್ಪು ನಿಪ್ಪಾಣಿಯದ್ದೋ ಗುಜರಾತಿನದ್ದೋ. ಹೆಸರು, ಲೇಬಲ್ಲು ಕಂಪನಿಯದ್ದು. ಅಮ್ಮನದ್ದು ಕೈ ಮಾತ್ರ.

ಕಳೆದ ದೀಪಾವಳಿಗೆ ಚಿಕ್ಕಮ್ಮನ ಮಗಳು ಊರಿಗೆ ಬಂದಿದ್ದಳು. ಬೆಂಗಳೂರಿನ ಹೊರಗಿನ ಒಂದು ಫೋನ್ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಕನ್ವೇಯರ್ ಬೆಲ್ಟಿನ ಮುಂದೆ ನಿಂತು ಫೋನಿನ ಒಳಗೆ ಸಣ್ಣ ಸಣ್ಣ ಸ್ಕ್ರೂ ಕೂರಿಸುವುದು ಅವಳ ಪಾಲಿನ ಕೆಲಸ. ಎಲ್ಲ ಕೇಳಿಸಿಕೊಂಡ ಅಮ್ಮ ಒಂದೇ ಪ್ರಶ್ನೆ ಹಾಕಿದರು: "ಅಲ್ಲಿ ಎಲೆ ಯಾರು ಕೊಡುವುದು?"

"ಹೆಚ್ಚಿನದ್ದೆಲ್ಲ ಚೀನಾದಿಂದ ಬರ್ತದೆ ದೊಡ್ಡಮ್ಮ" ಅಂದಳು ಅವಳು.

ಸಂಪರ್ಕ ಸಾಧನಗಳ ಉದ್ಯಮದ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆ ನಾನು ಕೇಳಿಲ್ಲ. ಭಾರತದಲ್ಲಿ 2014-15ರಲ್ಲಿ ಸುಮಾರು 18 ಸಾವಿರ ಕೋಟಿ ರೂಪಾಯಿಯ ಮೊಬೈಲ್ ಫೋನ್ ತಯಾರಾಗುತ್ತಿತ್ತು. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2024-25ಕ್ಕೆ ಅದು 5.45 ಲಕ್ಷ ಕೋಟಿ. ರಫ್ತು ಸುಮಾರು ಎರಡು ಲಕ್ಷ ಕೋಟಿ. ಈ ಅಂಕಿ ಸುಳ್ಳಲ್ಲ, ಸಣ್ಣದೂ ಅಲ್ಲ. ಆದರೆ ಇದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಅಂತ ಗೊತ್ತಿಲ್ಲದಿದ್ದರೆ ಅಮ್ಮನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಯಾವುದು ಒಳಗೆ, ಯಾವುದು ಹೊರಗೆ

ಮೊದಲು ಬೇಲಿ ಎಲ್ಲಿದೆ ನೋಡೋಣ. ದೇಶದ ಎಲ್ಲ ಉದ್ಯಮಗಳಿಗೂ ಸರ್ಕಾರ ಒಂದೊಂದು ನಂಬರು ಕೊಟ್ಟಿದೆ. 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಸಂಪರ್ಕ ಸಾಧನಗಳ ತಯಾರಿಕೆಗೆ ಸಿಕ್ಕ ನಂಬರು 263. ವಿಶ್ವಸಂಸ್ಥೆಯ ವರ್ಗೀಕರಣದಲ್ಲೂ ಇದೇ ನಂಬರು. ಹಾಗಾಗಿ ಬೇರೆ ಬೇರೆ ದೇಶಗಳ ಲೆಕ್ಕವನ್ನು ಹೋಲಿಸಿ ನೋಡಬಹುದು.

ಈ 263ರ ಒಳಗೆ ಮೊಬೈಲ್ ಇದೆ, ಲ್ಯಾಂಡ್‌ಲೈನ್ ಫೋನಿದೆ, ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರ ಇದೆ. ಮನೆಯ ವೈಫೈ ರೌಟರ್, ಮೋಡೆಮ್, ಟವರಿನ ಮೇಲಿನ ಆಂಟೆನಾ, ಆಕಾಶವಾಣಿಯಂಥ ಕೇಂದ್ರಗಳ ಟ್ರಾನ್ಸ್‌ಮಿಟರ್, ಸ್ಟುಡಿಯೋದ ಟಿವಿ ಕ್ಯಾಮೆರಾ ಎಲ್ಲ ಇಲ್ಲೇ. ಬ್ಯಾಂಕಿನಲ್ಲಿ ಕೂಗುವ ಕಳ್ಳರ ಅಲಾರಂ ಕೂಡ ಇಲ್ಲೇ ಬರುತ್ತದೆ. ನಿಮ್ಮ ಮನೆಯ ಟಿವಿ ಮಾತ್ರ ಇದರಲ್ಲಿ ಇಲ್ಲ, ಅದು 264. ಆದರೆ ಆ ಟಿವಿಯ ರಿಮೋಟ್ ಇದೆ! ಟಿವಿ ಮನರಂಜನೆಯ ಸಾಮಾನು, ರಿಮೋಟ್ ಸಂಕೇತ ಕಳಿಸುವ ಸಾಮಾನು ಅನ್ನುವ ತರ್ಕ.

ಮಲ್ಪೆಯಲ್ಲಿ ಒಂದು ಆಳಸಮುದ್ರದ ಬೋಟು ಹತ್ತಿ ಕ್ಯಾಬಿನ್ನಿನಲ್ಲಿ ಕಣ್ಣಾಡಿಸಿ. ಬೋಟು ನಡೆಸುವ ತಂಡೇಲರ ತಲೆಯ ಹತ್ತಿರ ನೇತಾಡುವ ವೈರ್‌ಲೆಸ್ ಸೆಟ್ 263ರದ್ದು. ಅದರ ಪಕ್ಕದ ಜಿಪಿಎಸ್, ಮೀನಿನ ಗುಂಪು ತೋರಿಸುವ ಫಿಶ್ ಫೈಂಡರ್ ಎರಡೂ ಅಳತೆ ಮತ್ತು ದಾರಿ ತೋರಿಸುವ ಉಪಕರಣಗಳು. ಅವುಗಳ ನಂಬರು 265. ಒಂದೇ ಗೂಡಿನಲ್ಲಿ ಎರಡು ಉದ್ಯಮ.

ಫೋನಿನ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಕೂಡ 263 ಅಲ್ಲ, ಅದು 261. ಫೈಬರ್ ಕೇಬಲ್ಲು 273. ನೀವು ತಿಂಗಳು ತಿಂಗಳು ಮಾಡುವ ರೀಚಾರ್ಜ್ ಸೇವಾ ವಲಯದ್ದು, ಅದಕ್ಕೂ ಕಾರ್ಖಾನೆಗೂ ಸಂಬಂಧ ಇಲ್ಲ. ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ರಿಪೇರಿ ಅಂಗಡಿಗೂ ಬೇರೆಯೇ ನಂಬರು. "ಟೆಲಿಕಾಂ ಬೆಳೆಯುತ್ತಿದೆ" ಅಂತ ಯಾರಾದರೂ ಹೇಳಿದರೆ ಯಾವ ಟೆಲಿಕಾಂ ಅಂತ ಕೇಳಬೇಕು. ದೇಶದಲ್ಲಿ ಮನೆಮನೆಗೂ ಫೋನ್ ಬಂದು, ಒಂದು ಫೋನೂ ದೇಶದಲ್ಲಿ ತಯಾರಾಗದೆ ಇರಲು ಸಾಧ್ಯ. ಹೆಚ್ಚುಕಡಿಮೆ ಆ ಸ್ಥಿತಿಗೆ ನಾವು ಒಮ್ಮೆ ಬಂದೂ ಇದ್ದೆವು.

ಗೇರುಬೀಜದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಉತ್ಪಾದನೆಯ ಮೌಲ್ಯ ಒಂದು, ಸೇರಿಸಿದ ಮೌಲ್ಯ ಇನ್ನೊಂದು. ಪೇಪರಿನ ಹೆಡ್ಡಿಂಗಿನಲ್ಲಿ ಬರುವುದು ಹೆಚ್ಚಾಗಿ ಮೊದಲನೆಯದ್ದು. ದೇಶದ ಜಿಡಿಪಿಗೆ ಹೋಗುವುದು ಎರಡನೆಯದ್ದು.

ಮಂಗಳೂರಿನವರಿಗೆ ಇದನ್ನು ಅರ್ಥ ಮಾಡಿಸಲು ಗೇರುಬೀಜದ ಕಾರ್ಖಾನೆಗಿಂತ ಒಳ್ಳೆಯ ಉದಾಹರಣೆ ಬೇಡ. ಲೆಕ್ಕ ಸುಲಭವಾಗಲಿ ಅಂತ ನಾನೇ ಕೆಲವು ಅಂಕಿ ಇಟ್ಟುಕೊಳ್ಳುತ್ತೇನೆ. ರೈತರು 80 ರೂಪಾಯಿಯ ಹಸಿ ಬೀಜ ಮಾರುತ್ತಾರೆ. ಕಾರ್ಖಾನೆ ಅದನ್ನು ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ತಿರುಳನ್ನು 100 ರೂಪಾಯಿಗೆ ಮಾರುತ್ತದೆ. ಸ್ವೀಟ್ ಅಂಗಡಿಯವರು ಅದರಿಂದ ಬರ್ಫಿ ಮಾಡಿ 150ಕ್ಕೆ ಮಾರುತ್ತಾರೆ. ಉಳಿದ ಖರ್ಚುಗಳನ್ನು ಸದ್ಯಕ್ಕೆ ಬಿಡೋಣ.

ಮೂವರ ಮಾರಾಟ ಕೂಡಿಸಿದರೆ 330 ರೂಪಾಯಿ. ಆದರೆ ಕೊನೆಗೆ ನಮ್ಮ ಕೈಗೆ ಬಂದದ್ದು 150 ರೂಪಾಯಿಯ ಬರ್ಫಿ ಮಾತ್ರ ಅಲ್ವಾ? ಬೀಜವನ್ನು ಮೂರು ಸಲ, ತಿರುಳನ್ನು ಎರಡು ಸಲ ಎಣಿಸಿದ್ದರಿಂದ ಅದು 330 ಆಯಿತು. ಅದಕ್ಕೇ ಅರ್ಥಶಾಸ್ತ್ರದವರು ಪ್ರತಿ ಮೆಟ್ಟಿಲಿನಲ್ಲೂ ಕೊಂಡ ಸಾಮಾನಿನ ಬೆಲೆ ಕಳೆದು, ಉಳಿದದ್ದನ್ನು ಮಾತ್ರ ಕೂಡಿಸುತ್ತಾರೆ. ರೈತರದ್ದು 80, ಕಾರ್ಖಾನೆಯದ್ದು 20, ಅಂಗಡಿಯದ್ದು 50. ಒಟ್ಟು 150. ಲೆಕ್ಕ ಸರಿ ಹೋಯಿತು.

ಕಾರ್ಖಾನೆಯ ಆ 20 ರೂಪಾಯಿಯೇ ಸೇರಿಸಿದ ಮೌಲ್ಯ. ಹೆಂಗಸರ ಮಜೂರಿ, ಕಟ್ಟಡದ ಬಾಡಿಗೆ, ಬ್ಯಾಂಕಿನ ಬಡ್ಡಿ, ಯಂತ್ರ ಸವೆದದ್ದರ ಬಾಬ್ತು, ಮಾಲೀಕರ ಲಾಭ ಎಲ್ಲ ಹುಟ್ಟುವುದು ಅದರಿಂದಲೇ. ಊರಿನ ಅಂಗಡಿಯಲ್ಲಿ ತಿರುಗುವ ದುಡ್ಡು ಆ 20. ಉಳಿದ 80 ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಎಲ್ಲಿಗೆ ಹೋಗುತ್ತದೆ ಅನ್ನುವುದೇ ಮುಂದಿನ ಪ್ರಶ್ನೆ. ಬೀಜ ಪುತ್ತೂರಿನ ಗುಡ್ಡದ್ದಾದರೆ ಆ 80 ಪುತ್ತೂರಿಗೆ. ಆದರೆ ನಮ್ಮ ಕಾರ್ಖಾನೆಗಳಿಗೆ ಇಲ್ಲಿನ ಬೀಜ ಸಾಕಾಗುವುದಿಲ್ಲ. ಟಾಂಜಾನಿಯಾ, ಬೆನಿನ್, ಐವರಿ ಕೋಸ್ಟ್‌ನಂಥ ದೇಶಗಳಿಂದ ಹಡಗಿನಲ್ಲಿ ಬೀಜ ಬರುತ್ತದೆ. ಆಗ 80 ರೂಪಾಯಿ ಆಫ್ರಿಕಾಕ್ಕೆ. ಬರ್ಫಿ ಅದೇ, ರುಚಿ ಅದೇ, ಅಂಗಡಿಯ ಮಾರಾಟ ಅದೇ 150. ದೇಶದ ಲೆಕ್ಕದಲ್ಲಿ ಮಾತ್ರ ಉಳಿದದ್ದು 70.

ಬೀಜದ ಜಾಗದಲ್ಲಿ ಫೋನಿನ ಬಿಡಿಭಾಗ ಇಟ್ಟು ನೋಡಿ. ಒಂದು ಒಳ್ಳೆಯ ಫೋನಿನ ಮುಖ್ಯ ಚಿಪ್ಪು ಹೆಚ್ಚಾಗಿ ತೈವಾನಿನಲ್ಲಿ ತಯಾರಾಗುತ್ತದೆ. ಪರದೆ ಕೊರಿಯಾ ಅಥವಾ ಚೀನಾದ್ದು. ಕ್ಯಾಮೆರಾದ ಕಣ್ಣು ಜಪಾನಿನದ್ದೋ ಕೊರಿಯಾದ್ದೋ. ಕಣ್ಣಿಗೆ ಕಾಣದ ಇನ್ನೊಂದು ಬಾಬ್ತೂ ಇದೆ, ಪೇಟೆಂಟಿನ ರಾಯಲ್ಟಿ. 4ಜಿ, 5ಜಿ ತಂತ್ರಜ್ಞಾನ ಕಂಡುಹಿಡಿದ ಕಂಪನಿಗಳಿಗೆ ಪ್ರತಿ ಫೋನಿನ ಮೇಲೂ ಒಂದಿಷ್ಟು ಹಣ ಹೋಗುತ್ತದೆ. ಫೋನ್ ಜೋಡಿಸುವ ಕೈ ಯಾವ ದೇಶದ್ದಾದರೂ ಇರಲಿ, ಈ ಹಣ ಹೋಗುವುದು ತಪ್ಪುವುದಿಲ್ಲ.

ಹಾಗಾದರೆ ಜೋಡಿಸುವ ಕೈಗೆ ಎಷ್ಟು ಸಿಗುತ್ತದೆ? 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧನಾ ಸಂಸ್ಥೆ ಐಫೋನನ್ನು ಬಿಚ್ಚಿ ಲೆಕ್ಕ ಹಾಕಿತು. 2009ರ ಐಫೋನಿನ ತಯಾರಿಕೆಯ ಖರ್ಚು 178.96 ಡಾಲರ್. ಚೀನಾದಲ್ಲಿ ಅದನ್ನು ಜೋಡಿಸಿದ್ದಕ್ಕೆ ಸಿಕ್ಕಿದ್ದು 6.50 ಡಾಲರ್. ನೂರು ರೂಪಾಯಿಯಲ್ಲಿ ನಾಲ್ಕು ರೂಪಾಯಿಯೂ ಇಲ್ಲ! ಆದರೆ ರಫ್ತಿನ ಲೆಕ್ಕದಲ್ಲಿ ಪೂರ್ತಿ 178.96 ಡಾಲರ್ ಚೀನಾದ ಹೆಸರಿಗೇ ಬಿತ್ತು. ಈ ಅಂಕಿ ಮೊದಲ ಸಲ ಓದಿದಾಗ ನನಗೆ ಅಮ್ಮನ ಬೆರಳುಗಳು ಕಣ್ಣಮುಂದೆ ಬಂದವು.

ಭಾರತದ ಫೋನುಗಳಲ್ಲಿ ನಮ್ಮ ಪಾಲು ಇದಕ್ಕಿಂತ ಜಾಸ್ತಿ ಇದೆ. ಚಾರ್ಜರ್, ಬ್ಯಾಟರಿ ಪ್ಯಾಕ್, ಪ್ಲಾಸ್ಟಿಕ್ ಭಾಗ, ಬೋರ್ಡಿನ ಮೇಲೆ ಚಿಪ್ಪು ಕೂರಿಸುವ ಕೆಲಸ ಈಗ ಇಲ್ಲೇ ಆಗುತ್ತವೆ. ಸಾಮಾನ್ಯವಾಗಿ ಕೇಳಿಬರುವ ಅಂದಾಜು ಸುಮಾರಾಗಿ ಐದರಲ್ಲಿ ಒಂದು ಪಾಲು. ಅದನ್ನೇ ಹಿಡಿದರೆ 5.45 ಲಕ್ಷ ಕೋಟಿಯಲ್ಲಿ ನಮ್ಮಲ್ಲಿ ಹುಟ್ಟಿದ್ದು ಒಂದು ಲಕ್ಷ ಕೋಟಿಯ ಆಸುಪಾಸು. ಅದೂ ದೊಡ್ಡ ಮೊತ್ತವೇ. ಅದರಲ್ಲಿ ಚಿಕ್ಕಮ್ಮನ ಮಗಳ ಸಂಬಳವೂ ಇದೆ, ಅವಳ ತಮ್ಮನ ಕಾಲೇಜು ಫೀಸೂ ಇದೆ.

ಇನ್ನೊಂದು ಸಣ್ಣ ತೊಡಕು ಹೇಳಿ ಮುಂದೆ ಹೋಗುತ್ತೇನೆ. ಹತ್ತು ವರ್ಷದ ಹಿಂದೆ ಹತ್ತು ಸಾವಿರ ಕೊಟ್ಟು ಕೊಂಡ ಫೋನಿಗೂ ಈಗ ಹತ್ತು ಸಾವಿರಕ್ಕೆ ಸಿಗುವ ಫೋನಿಗೂ ಅಜಗಜಾಂತರ. ರೂಪಾಯಿಯಲ್ಲಿ ಎರಡೂ ಒಂದೇ. ಸಾಮಾನಿನ ಗುಣದಲ್ಲಿ ಎರಡನೆಯದ್ದು ಎಷ್ಟೋ ಪಾಲು ಮೇಲು. ಅದಕ್ಕೇ ಅಂಕಿಅಂಶದವರು ಮೆಮೊರಿ, ವೇಗ, ಕ್ಯಾಮೆರಾ ಎಲ್ಲ ನೋಡಿ ಬೆಲೆಯ ಸೂಚ್ಯಂಕವನ್ನು ತಿದ್ದುತ್ತಾರೆ. ಬೆಲೆ ಬದಲಾಗದಿದ್ದರೂ ಗುಣ ಜಾಸ್ತಿಯಾದರೆ "ಬೆಲೆ ಇಳಿಯಿತು, ಉತ್ಪಾದನೆ ಏರಿತು" ಅಂತ ಬರೆಯುತ್ತಾರೆ. ಅಕ್ಕಿಗೆ ಈ ತಾಪತ್ರಯ ಇಲ್ಲ.

ಕಿತ್ತೂರಿನ ಪೆಟ್ಟಿಗೆ, ಜೆಪ್ಪುವಿನ ಹಂಚು

ನಾವು ಯಾವಾಗಲೂ ಜೋಡಿಸುವವರೇ ಆಗಿದ್ದೆವಾ? ಇಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ ಶುರುವಾಯಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಅಂತಲೇ ಹೆಸರು. ಬೆರಳು ಹಾಕಿ ತಿರುಗಿಸುವ ಆ ಕಪ್ಪು ಫೋನು ಅಲ್ಲಿಂದ ಬರುತ್ತಿತ್ತು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಅದನ್ನು ಒಳ್ಳೆಯ ಕಾಲ ಅಂತ ನಾನು ಹೇಳುವುದಿಲ್ಲ.

1984ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಎಳೆಯ ಎಂಜಿನಿಯರುಗಳು ಸೇರಿ ನಮ್ಮ ಹಳ್ಳಿಗಳಿಗೆ ಹೊಂದುವ, ಕರೆಗಳನ್ನು ಜೋಡಿಸುವ ಒಂದು ಎಕ್ಸ್‌ಚೇಂಜ್ ಮಾಡಿದರು. ಹೊರದೇಶದ ಎಕ್ಸ್‌ಚೇಂಜುಗಳಿಗೆ ಎಸಿ ಬೇಕು, ಧೂಳು ಇರಬಾರದು, ಕರೆಂಟು ಹೋಗಬಾರದು. ನಮ್ಮ ಹಳ್ಳಿಯಲ್ಲಿ ಈ ಮೂರೂ ಇಲ್ಲ. ಇವರ 128 ಲೈನಿನ ಪೆಟ್ಟಿಗೆ ಎಸಿ ಇಲ್ಲದ ಸಾಧಾರಣ ಕೋಣೆಯಲ್ಲೇ ನಡೆಯಿತು. 1986ರಲ್ಲಿ ಅದನ್ನು ಮೊದಲು ಇಟ್ಟದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಈ ವಿಷಯ ನಮ್ಮ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಿತ್ತು.

ಆ ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ನಕ್ಷೆ. ಚಿಪ್ಪುಗಳು ಹೊರಗಿನವಾದರೂ ಇಡೀ ಯಂತ್ರ ಹೇಗಿರಬೇಕು ಅಂತ ಯೋಚಿಸಿದ್ದು ಇಲ್ಲಿ. ಸಾಫ್ಟ್‌ವೇರ್ ಬರೆದದ್ದು ಇಲ್ಲಿ. ಹಾಳಾದರೆ ಯಾಕೆ ಹಾಳಾಯಿತು ಅಂತ ಗೊತ್ತಿದ್ದದ್ದೂ ಇಲ್ಲಿಯವರಿಗೇ. ಸೇರಿಸಿದ ಮೌಲ್ಯದಲ್ಲಿ ತುಂಬ ದಪ್ಪ ಪಾಲು ಈ ಯೋಚನೆಯದ್ದು.

ಆಮೇಲೆ ಏನಾಯಿತು? 1991ರ ನಂತರ ಬಾಗಿಲು ತೆರೆಯಿತು. ಮಾಹಿತಿ ತಂತ್ರಜ್ಞಾನದ ಸಾಮಾನುಗಳಿಗೆ ಸುಂಕ ಬೇಡ ಅನ್ನುವ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ 1997ರಲ್ಲಿ ಭಾರತ ಸೇರಿತು. 2005ರ ಹೊತ್ತಿಗೆ ಟೆಲಿಕಾಂ ಸಾಮಾನುಗಳ ಮೇಲಿನ ಸುಂಕ ಸೊನ್ನೆಗೆ ಬಂತು. ಬಿಡಿಭಾಗಕ್ಕೆ ತೆರಿಗೆ, ಬ್ಯಾಂಕಿನ ದುಬಾರಿ ಬಡ್ಡಿ, ಕೈಕೊಡುವ ಕರೆಂಟು ಎಲ್ಲ ಸಹಿಸಿಕೊಂಡು ಇಲ್ಲಿ ಮಾಡುವುದಕ್ಕಿಂತ ತಯಾರಾದದ್ದನ್ನೇ ತರುವುದು ಅಗ್ಗ ಅನಿಸಿತು. ನಮ್ಮ ಮೊಬೈಲ್ ಕ್ರಾಂತಿ ನಡೆದದ್ದು ಸ್ವೀಡನ್, ಫಿನ್ಲೆಂಡ್, ಚೀನಾದ ಯಂತ್ರಗಳ ಮೇಲೆ. ಕರೆ ಅಗ್ಗವಾಯಿತು, ಎಲ್ಲರ ಕೈಗೂ ಫೋನ್ ಬಂತು. ಅದು ದೊಡ್ಡ ಲಾಭ. ಕಾರ್ಖಾನೆ ಮಾತ್ರ ಸೊರಗಿತು.

ಫಿನ್ಲೆಂಡ್ ಅಂದಾಗ ನೋಕಿಯಾ. ಕಾಗದದ ತಿರುಳಿನ ಗಿರಣಿಯಾಗಿ ಅದು ಶುರುವಾದದ್ದು 1865ರಲ್ಲಿ. ಅದೇ 1865ರಲ್ಲಿ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದರು. ನಮ್ಮ ಹಂಚಿಗೆ ಜೇಡಿಮಣ್ಣು ಇಲ್ಲಿನದ್ದೇ, ಸೌದೆ ಇಲ್ಲಿನದ್ದೇ, ಕೈ ಇಲ್ಲಿನದ್ದೇ. ಸಮುದ್ರ ದಾಟಿ ಮಾರಾಟವಾದ ಮಂಗಳೂರು ಹಂಚಿನ ಬೆಲೆಯ ಬಹುಪಾಲು ಇಲ್ಲೇ ಹುಟ್ಟಿದ್ದು. ಅತ್ತ ನೋಕಿಯಾ ಕಾಗದದಿಂದ ರಬ್ಬರಿಗೆ, ಕೇಬಲ್ಲಿಗೆ, ಫೋನಿಗೆ ಹೋಯಿತು. 2000ದ ಸುಮಾರಿಗೆ ಫಿನ್ಲೆಂಡಿನ ಜಿಡಿಪಿಯಲ್ಲಿ ನೂರಕ್ಕೆ ನಾಲ್ಕರಷ್ಟು ಆ ಒಂದೇ ಕಂಪನಿಯದ್ದಾಗಿತ್ತು. ನಮ್ಮ ಹಂಚು ಹಂಚಾಗಿಯೇ ಉಳಿಯಿತು. ಕಾಂಕ್ರೀಟಿನ ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಹಾಗಾಗಿ ಎಲ್ಲವೂ ಊರಿನದ್ದೇ ಆಗಿದ್ದರೆ ಸಾಕು ಅಂತಲೂ ಹೇಳಲು ಬರುವುದಿಲ್ಲ.

ನೋಕಿಯಾಕ್ಕೂ ಏಟು ಬಿತ್ತು. 2006ರಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ ಅದು ತೆರೆದ ಫೋನ್ ಕಾರ್ಖಾನೆ 2014ರಲ್ಲಿ ಮುಚ್ಚಿತು. ಒಂದು ಕಡೆ ತೆರಿಗೆ ಜಗಳ, ಇನ್ನೊಂದು ಕಡೆ ಸ್ಮಾರ್ಟ್‌ಫೋನಿನ ಹೊಡೆತ. ಸಾವಿರಾರು ಮಂದಿಯ ಕೆಲಸ ಹೋಯಿತು. ಜೋಡಿಸುವ ಕಾರ್ಖಾನೆಯ ಭಯ ಇದು. ಬಿಡಿಭಾಗ ಹೊರಗಿನದ್ದು, ನಕ್ಷೆ ಹೊರಗಿನದ್ದು ಆದಾಗ ಗಂಟುಮೂಟೆ ಕಟ್ಟುವುದೂ ಸುಲಭ.

ಸರ್ಕಾರದ ದುಡ್ಡು ಯಾವುದರ ಮೇಲೆ

ಸೊನ್ನೆ ಸುಂಕದ ಕಾಲ ಮೊಬೈಲಿನ ಮಟ್ಟಿಗೆ 2017ರಲ್ಲಿ ಮುಗಿಯಿತು. ಹೊರಗಿನಿಂದ ಬರುವ ಫೋನಿನ ಮೇಲೆ ಮೊದಲು 10, ಆಮೇಲೆ 15, 2018ರಲ್ಲಿ 20 ಪರ್ಸೆಂಟ್ ಸುಂಕ ಬಿತ್ತು. 2024ರ ಬಜೆಟ್‌ನಲ್ಲಿ ಅದನ್ನು 15ಕ್ಕೆ ಇಳಿಸಿದರು. 2020ರಲ್ಲಿ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನದ ಯೋಜನೆ, ಎಲ್ಲರೂ ಪಿಎಲ್ಐ ಅನ್ನುವ ಯೋಜನೆ, ಬಂತು. 2021ರಲ್ಲಿ ಟವರಿನ ಯಂತ್ರ, ರೌಟರ್ ಮುಂತಾದವಕ್ಕೆ 12,195 ಕೋಟಿಯ ಇನ್ನೊಂದು ಪಿಎಲ್ಐ.

ಮೊಬೈಲಿನ ಪಿಎಲ್ಐ ಕೊಡುವುದು ಹೇಗೆ ಗೊತ್ತಾ? ಹೆಚ್ಚಾದ ಮಾರಾಟದ ಮೇಲೆ ನೂರಕ್ಕೆ ನಾಲ್ಕರಿಂದ ಆರು ರೂಪಾಯಿ. ಮಾರಾಟದ ಮೇಲೆ, ಸೇರಿಸಿದ ಮೌಲ್ಯದ ಮೇಲಲ್ಲ. ಗೇರುಬೀಜದ ಲೆಕ್ಕ ನೆನಪಿಸಿಕೊಳ್ಳಿ. 100 ರೂಪಾಯಿ ಮಾರಾಟದ ಮೇಲೆ 5 ರೂಪಾಯಿ ಅಂದರೆ, ಸೇರಿಸಿದ 20 ರೂಪಾಯಿಯ ಕಾಲು ಭಾಗ. ಕಾರ್ಖಾನೆಗಳನ್ನು ಬೇಗ ಕರೆತರಲು ಈ ದಾರಿ ಸರಿ, ಅದು ಫಲವನ್ನೂ ಕೊಟ್ಟಿತು. ಆದರೆ ಇದರಲ್ಲಿ ದೊಡ್ಡದಾಗುವುದು ಮೊದಲು ಮಾರಾಟದ ಅಂಕಿ. ಬಿಡಿಭಾಗಗಳಿಗಾಗಿಯೇ 22,919 ಕೋಟಿಯ ಬೇರೆ ಯೋಜನೆ ಬಂದದ್ದು 2025ರಲ್ಲಿ. ಇನ್ನೂ ಮೊದಲೇ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಜೋಡಿಸುವ ಕೆಲಸವನ್ನು ಹೀಗಳೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅಮ್ಮನ ಬೀಡಿಯಲ್ಲಿ ನಾವು ಓದಿದ್ದೇವೆ. ಚೀನಾ ಕೂಡ ಆ 6.50 ಡಾಲರಿನಿಂದಲೇ ಶುರು ಮಾಡಿತು. 2017ರ ಐಫೋನ್ ಎಕ್ಸ್ ಬರುವ ಹೊತ್ತಿಗೆ ತಯಾರಿಕೆಯ ಖರ್ಚಿನಲ್ಲಿ ಚೀನಾದವರ ಪಾಲು ಸುಮಾರು ಕಾಲು ಭಾಗಕ್ಕೆ ಏರಿತ್ತು. ಎಂಟೇ ವರ್ಷದಲ್ಲಿ! ಸ್ಕ್ರೂ ಕೂರಿಸುತ್ತಿದ್ದವರು ಬ್ಯಾಟರಿ ಮಾಡಿದರು, ಬೋರ್ಡು ಮಾಡಿದರು, ಕ್ಯಾಮೆರಾದ ಭಾಗ ಮಾಡಿದರು. ಬೀಡಿಯಲ್ಲಿ ಹಾಗಾಗಲಿಲ್ಲ. ಅಜ್ಜಿ ಸಾವಿರಕ್ಕೆ ಇಷ್ಟು ಅಂತ ಕಟ್ಟಿದರು, ಅಮ್ಮನೂ ಸಾವಿರಕ್ಕೆ ಇಷ್ಟು ಅಂತಲೇ ಕಟ್ಟಿದರು. ಎಲೆ ಯಾವತ್ತೂ ಅವರದ್ದಾಗಲಿಲ್ಲ. ವರ್ಷ ವರ್ಷ ನಾವು ನೋಡಬೇಕಾದದ್ದು ಈ ಪಾಲು ಏರುತ್ತಿದೆಯಾ ಅನ್ನುವುದನ್ನು. 5.45 ಲಕ್ಷ ಕೋಟಿ ಎಂಟು ಲಕ್ಷ ಕೋಟಿ ಆಯಿತಾ ಅನ್ನುವುದು ಅದರ ನಂತರದ ಮಾತು.

ಟವರಿನ ಕಡೆ ಒಂದು ಒಳ್ಳೆಯ ಸುದ್ದಿ ಇದೆ. 2025ರ ಸೆಪ್ಟೆಂಬರ್ 27ರಂದು ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ ಉದ್ಘಾಟನೆಯಾಯಿತು. ಅವತ್ತಿನ ಲೆಕ್ಕ 97,500ಕ್ಕೂ ಹೆಚ್ಚು ಟವರು. ಅದರ ಮಿದುಳಿನಂಥ ಕೋರ್ ಭಾಗ ಸಿ-ಡಾಟ್‌ನದ್ದು. ಟವರಿನ ಮೇಲಿನ ರೇಡಿಯೋ ಯಂತ್ರ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು. ಎಲ್ಲವನ್ನೂ ಸೇರಿಸಿ ಕೂರಿಸಿದ್ದು ಟಿಸಿಎಸ್. 4ಜಿ ಬಿಎಸ್ಎನ್ಎಲ್‌ಗೆ ತುಂಬ ತಡವಾಗಿ ಬಂತು, ನಿಜ. ಆದರೆ ಕಿತ್ತೂರಿನ ಪೆಟ್ಟಿಗೆ ಮಾಡಿದ ಸಂಸ್ಥೆಯ ಕೆಲಸ ನಲವತ್ತು ವರ್ಷದ ನಂತರ ಮತ್ತೆ ಟವರು ಹತ್ತಿತಲ್ಲ, ಅದು ನನಗೆ ಬಹಳ ಸಂತೋಷ ಕೊಟ್ಟಿದೆ.

ಬೋಟಿನ ಮೇಲಿನ ಪೆಟ್ಟಿಗೆ

ಕರಾವಳಿಯವರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿ ಮೀನುಗಾರರ ಸಮೇತ ಸಂಪರ್ಕ ಕಳೆದುಕೊಂಡಿತು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ನೌಕಾಪಡೆಯವರಿಗೆ ಸಿಕ್ಕಿತು. ಆ ತಿಂಗಳುಗಳನ್ನು ಉಡುಪಿ, ಉತ್ತರ ಕನ್ನಡದ ಮನೆಗಳು ಹೇಗೆ ಕಳೆದವು ಅಂತ ಇಲ್ಲಿನವರಿಗೆ ಗೊತ್ತು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಮುಗಿಯುತ್ತದೆ. ವೈರ್‌ಲೆಸ್ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಭೂಮಿ ಬಾಗಿದೆ, ಹಾಗಾಗಿ ಅದರ ಮಾತಿಗೂ ಒಂದು ಮಿತಿ ಇದೆ. ಅದರ ಆಚೆಗೆ ಉಳಿಯುವುದು ಉಪಗ್ರಹ ಮಾತ್ರ.

ಇಸ್ರೋದ ಅಹಮದಾಬಾದಿನ ಕೇಂದ್ರ ಬೋಟುಗಳಿಗಾಗಿ ಒಂದು ಟ್ರಾನ್ಸ್‌ಪಾಂಡರ್ ರೂಪಿಸಿತು. ಅದಕ್ಕೆ ನಭಮಿತ್ರ ಅಂತ ಹೆಸರು. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ, ಬರುತ್ತದೆ. ಚಂಡಮಾರುತದ ಎಚ್ಚರಿಕೆ ಬೋಟಿನವರ ಭಾಷೆಯಲ್ಲೇ ತಲುಪುತ್ತದೆ. ಅಪಾಯ ಬಂದರೆ ಬೋಟಿನಿಂದ ದಡಕ್ಕೆ ತಿಳಿಸಬಹುದು. ದೇಶದ ಕರಾವಳಿಯ ಒಂದು ಲಕ್ಷ ಬೋಟುಗಳಿಗೆ ಇಂಥ ಸಾಧನ ಅಳವಡಿಸುವ ಯೋಜನೆಗೆ ಕೇಂದ್ರ ಇಟ್ಟ ಹಣ 364 ಕೋಟಿ. ಒಂದು ಬೋಟಿಗೆ ಸರಾಸರಿ 36,400 ರೂಪಾಯಿ. 2024ರ ಆಗಸ್ಟಿನಲ್ಲಿ ಯೋಜನೆ ಶುರುವಾಯಿತು.

364 ಕೋಟಿಯನ್ನು 5.45 ಲಕ್ಷ ಕೋಟಿಯ ಪಕ್ಕ ಇಟ್ಟರೆ ಸುಮಾರು 1,500ರಲ್ಲಿ ಒಂದು ಪಾಲು. ಉತ್ಪಾದನೆಯ ಪಟ್ಟಿಯಲ್ಲಿ ಹುಡುಕಿದರೂ ಕಾಣದಷ್ಟು ಸಣ್ಣದು. ಆದರೆ ಇದರ ನಕ್ಷೆ ಇಲ್ಲಿಯದ್ದು, ಸಂದೇಶ ಹೊತ್ತೊಯ್ಯುವ ಉಪಗ್ರಹ ಇಲ್ಲಿಯದ್ದು. ಕೆಟ್ಟರೆ ತಿದ್ದುವ ತಿಳಿವಳಿಕೆಯೂ ಇಲ್ಲೇ ಇದೆ. ಒಳಗಿನ ಕೆಲವು ಚಿಪ್ಪು ಹೊರಗಿನವೇ ಇರಬಹುದು, ಕಿತ್ತೂರಿನ ಪೆಟ್ಟಿಗೆಯಲ್ಲೂ ಹಾಗೆಯೇ ಇತ್ತು.

ಮೊನ್ನೆ ಮಲ್ಪೆಗೆ ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಧಕ್ಕೆಯಲ್ಲಿ ನಿಂತು ಈ ಪೆಟ್ಟಿಗೆಯ ಬಗ್ಗೆ ಹೇಳಿದೆ. ಯಾರು ಮಾಡಿದ್ದು ಅಂತ ಕೇಳಿದರು. ಹೇಳಿದೆ. "ಹಾಗಾದರೆ ಇದರ ಎಲೆ ಸ್ವಲ್ಪ ನಮ್ಮದೇ" ಅಂದರು.